ಮಳೆನೀರಿನ ಜಾಡಿನಲ್ಲಿ ಮೂರು ಆದಿತ್ಯವಾರ

ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿಗೂ ಮಿಗಿಲಾದ ಮಳೆಯನ್ನು ಕಾಣುವ ದಕ್ಷಿಣ ಕನ್ನಡದಲ್ಲಿ ಹುಟ್ಟಿ ಬೆಳೆಯುವ ಮಕ್ಕಳು, ಆ ಮಳೆ ಎಲ್ಲಿ ಸುರಿದು, ಎಲ್ಲಿ ಇಂಗಿ, ಎತ್ತ ಹರಿದು ಹೋಗುವುದೆಂಬುದನ್ನು ಪಾಠಪುಸ್ತಕದ ಚಿತ್ರದಿಂದಷ್ಟೇ ಅರಿಯುವಂತಾಗಿರುವುದು ಖೇದಕರ. ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳಗಳಲ್ಲಿ ತಂದೆತಾಯಿಗಳು ಮಕ್ಕಳೊಡನೆ ಮೂರು ಆದಿತ್ಯವಾರಗಳನ್ನು ಕಳೆದರೆ ಈ ಕೊರತೆ ನೀಗುವುದು.

ಸಿದ್ಧತೆ

ಕಾರ್ತಿಕದಿಂದ ಮಾಘದವರೆಗಿನ ಕಾಲ ಪ್ರಶಸ್ತ. ನೋಟುಪುಸ್ತಕ, ಪೆನ್ಸಿಲು, ನೀರು ತುಂಬಿದ ಒಂದು ಚೆಂಬು, ಇಷ್ಟಿದ್ದರೆ ಸಾಕು. ದಿನಕ್ಕೆ ಒಂದೇ ಸ್ಥಳ, ಒಂದೇ ಪ್ರಶ್ನೆ ಎಂಬ ನಿಯಮವನ್ನು ಮೀರಬಾರದು.

ಮೊದಲನೆಯ ವಾರ: ಬೆಳ್ತಂಗಡಿ

ಪ್ರಶ್ನೆ: ಮಳೆ ಇಲ್ಲಿಯೇ ಇಷ್ಟೇಕೆ? ಟಿಪ್ಪೂ ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಹೆಸರಿಟ್ಟ ಗಡಾಯಿಕಲ್ಲಿನ ಬುಡದಲ್ಲಿ ನಿಂತು, ಘಟ್ಟದ ಸಾಲನ್ನು ಮಕ್ಕಳು ಚಿತ್ರಿಸಲಿ. ಕಡಲಿನಿಂದ ಬಂದ ಆರ್ದ್ರವಾಯುವು ಈ ಸಾಲಿಗೆ ತಾಗಿ, ಮೇಲೇರಿ, ತಂಪಾಗಿ ಮಳೆಯಾಗುವುದನ್ನೂ, ನೇತ್ರಾವತಿಯು ಈ ಘಟ್ಟದಲ್ಲಿಯೇ ಹುಟ್ಟುವುದನ್ನೂ ಆಗ ತಿಳಿಸಬೇಕು. ಬಳಿಕ ಚೆಂಬಿನ ನೀರನ್ನು ಬಂಡೆಯ ಮೇಲೆ ಸುರಿದು, ಅದು ಒಂದು ಹನಿಯೂ ಇಂಗದೆ ಜಾರಿಹೋಗುವುದನ್ನು ಬರೆದಿಟ್ಟುಕೊಳ್ಳಲಿ. ಮೇಲೇರುವ ಇಚ್ಛೆಯಿದ್ದಲ್ಲಿ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸತಕ್ಕದ್ದು.

ಎರಡನೆಯ ವಾರ: ಮೂಡುಬಿದಿರೆ

ಪ್ರಶ್ನೆ: ಇಂಥ ಮಳೆಗೆ ಹಿರಿಯರು ಹೇಗೆ ಕಟ್ಟಿದರು? 1430ರ ಸಾವಿರ ಕಂಬದ ಬಸದಿಯ ಒಳಹೊಗುವ ಮೊದಲು ಹೊರಗೆ ನಿಂತು, ಮೇಲಂತಸ್ತುಗಳ ಇಳಿಜಾರಾದ ಮಾಡನ್ನು ನೋಡಿ, ತಮ್ಮೂರಿನ ಹಂಚಿನ ಮನೆಯ ಮಾಡಿನೊಡನೆ ಹೋಲಿಸಲಿ. ಬಯಲುಸೀಮೆಯ ಗುಡಿಗಳ ಸಮತಲವಾದ ಕಲ್ಲುಚಾವಣಿ ಇಲ್ಲಿ ಏಕೆ ಸಲ್ಲಲಿಲ್ಲವೆಂಬುದು ಅವರಿಗೇ ಹೊಳೆಯುವುದು. ಒಳಗೆ, ಪ್ರತಿಯೊಂದು ಮಗುವೂ ಒಂದೊಂದು ಕಂಬದ ಮುಂದೆ ಹದಿನೈದು ನಿಮಿಷ ಮೌನವಾಗಿ ಕುಳಿತು ಅದನ್ನು ಬರೆಯಲಿ. ಅದು ಪೂಜಾಸ್ಥಾನ, ಚಪ್ಪಲಿ ಹೊರಗಿರಲಿ, ದನಿ ತಗ್ಗಿರಲಿ.

ಮೂರನೆಯ ವಾರ: ಬಂಟ್ವಾಳ

ಪ್ರಶ್ನೆ: ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ? ಮುರಕಲ್ಲಿನ ಮೇಲೆ ಚೆಂಬಿನ ನೀರನ್ನು ಮೆಲ್ಲನೆ ಎರೆದರೆ, ಕಲ್ಲಿನ ಸಣ್ಣ ಸಣ್ಣ ತೂತುಗಳು ಅದನ್ನು ಹೀರಿ, ಕೆಂಬಣ್ಣ ಗಾಢವಾಗಿ, ಮೇಲೆ ತೇವವಷ್ಟೇ ಉಳಿಯುವುದು. ಗಡಾಯಿಕಲ್ಲಿನಲ್ಲಿ ಕಂಡದ್ದಕ್ಕೆ ಇದು ತದ್ವಿರುದ್ಧ. ಇದೇ ತಾಲೂಕಿನ ಮಾಣಿಲದಲ್ಲಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು ತಾನಾಗಿ ಹರಿದು ಬರುವ ಮರ್ಮವೂ ಈ ಹೀರಿಕೆಯಲ್ಲಿಯೇ ಅಡಗಿದೆ. ಅನಂತರ ನೇತ್ರಾವತಿಯ ದಡದ ಪೇಟೆಯಲ್ಲಿ ಹಿರಿಯರೊಬ್ಬರನ್ನು ಕಂಡು, 1974ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಕ್ಕಳೇ ಕೇಳಿ, ಆ ಜಾಗದಿಂದ ಹೊಳೆಯವರೆಗೆ ಹೆಜ್ಜೆಗಳನ್ನು ಎಣಿಸಲಿ. ಮಂಗಳೂರಿಗೆ ಕುಡಿಯುವ ನೀರನ್ನು ಕೊಡುವ ತುಂಬೆಯ ಅಣೆಕಟ್ಟು ಇದೇ ಹೊಳೆಗೆ ಎಂಬುದನ್ನೂ ತಿಳಿಯಲಿ. ಹೊಳೆಗೆ ಇಳಿಯಗೊಡಬಾರದು.

ಮುಂದಿನ ಹೆಜ್ಜೆ

ಮುಂದಿನ ಮಳೆಗಾಲ ತೊಡಗುತ್ತಲೇ, ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಗಾಜಿನ ಪಾತ್ರೆಯೊಂದನ್ನು ಮಾಡಿನ ನೀರು ಬೀಳದಂತೆ ಅಂಗಳದ ನಡುವೆ ಇರಿಸಿ, ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳತೆಪಟ್ಟಿಯಿಂದ ಅಳೆದು, ಅದೇ ನೋಟುಪುಸ್ತಕದಲ್ಲಿ ಮಿಲಿಮೀಟರಿನಲ್ಲಿ ಬರೆದು, ಪಾತ್ರೆಯನ್ನು ಬರಿದು ಮಾಡಲಿ. ಘಟ್ಟ, ಮಾಡು, ಮುರಕಲ್ಲುಗಳನ್ನು ಕಂಡುಬಂದ ಮಗುವಿಗೆ ಆ ಅಂಕೆಗಳು ಆಗ ಮಾತಾಡುವುವು.