ಸ್ಪ್ಯಾನಿಷ್ ಮೇಡಂಗೆ ಸಂಶೋಧನೆ ಏನಿರುತ್ತದೆ?

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ಸ್ಪ್ಯಾನಿಷ್ ಪದವಿ ಓದುತ್ತಿದ್ದಾಳೆ. ಅವಳ ಅಧ್ಯಾಪಕಿ ‘ಸಮಕಾಲೀನ ಸ್ಪ್ಯಾನಿಷ್ ಮಹಿಳಾ ಸಾಹಿತ್ಯ’ದ ಸಂಶೋಧಕಿಯಂತೆ. ಭಾಷೆ ಕಲಿಸುವವರು ಸಂಶೋಧಿಸುವುದು ಏನನ್ನು? ಮಹಿಳೆಯರದ್ದೇ ಯಾಕೆ ಬೇರೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಲಿಸುವ ಕೆಲಸ ನೀವು ಊಹಿಸಿದಂತೆಯೇ: ವ್ಯಾಕರಣ, ಪ್ರಬಂಧ ತಿದ್ದುವುದು, ಮೌಖಿಕ ಪರೀಕ್ಷೆ. ಅಲ್ಲಿ ಭಾಷಾ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷದ್ದು. ಮೂರನೆಯ ವರ್ಷ ಆ ಭಾಷೆಯಾಡುವ ದೇಶದಲ್ಲಿ ಕಳೆದು ಬಂದವರ ಕೈಗೆ ಕೊನೆಯ ವರ್ಷ ದಪ್ಪ ಕಾದಂಬರಿಗಳನ್ನು ಕೊಡುತ್ತಾರೆ. ಯಾವ ಕಾದಂಬರಿ, ಅದರ ಯಾವ ಪಾಠ (ಆವೃತ್ತಿ) ಎಂದು ಆರಿಸುವುದಕ್ಕೇ ಸಂಶೋಧನೆ ಬೇಕು.

ಸ್ಪೇನಿನ ಕಾದಂಬರಿಕಾರ್ತಿ ಆನಾ ಮರಿಯಾ ಮಾತುತೆ ಅವರ ‘ಲೂಸಿಯೆರ್ನಗಾಸ್’ (ಮಿಂಚುಹುಳುಗಳು) ತೆಗೆದುಕೊಳ್ಳಿ. ಸ್ಪೇನಿನ ಅಂತರ್ಯುದ್ಧದ ಕಾಲದ ಬಾರ್ಸಿಲೋನಾದಲ್ಲಿ ಬೆಳೆಯುವ ಹುಡುಗಿಯೊಬ್ಬಳ ಕಥೆ. ಸರ್ವಾಧಿಕಾರಿ ಫ್ರಾಂಕೋ ಸರ್ಕಾರದ ಸೆನ್ಸಾರ್ 1953ರಲ್ಲಿ ಅದನ್ನು ತಡೆಯಿತು. ಲೇಖಕಿ ಬದಲಾಯಿಸಿ ಬರೆದದ್ದು 1955ರಲ್ಲಿ ಬೇರೊಂದು ಹೆಸರಿನಲ್ಲಿ ಅಚ್ಚಾಯಿತು. ‘ಲೂಸಿಯೆರ್ನಗಾಸ್’ ಎಂಬ ಹೆಸರಿನಲ್ಲಿ ಹೊರಬಂದದ್ದು 1993ರಲ್ಲಿ. ಆ ಕಾಲದ ಸೆನ್ಸಾರ್ ಕಡತಗಳು ಮ್ಯಾಡ್ರಿಡ್ ಸಮೀಪದ ಅಲ್ಕಲಾ ದೆ ಎನಾರೆಸ್ ಊರಿನ ಸರ್ಕಾರಿ ದಾಖಲೆ ಭಂಡಾರದಲ್ಲಿವೆ. ಅವುಗಳಲ್ಲಿರುವುದು, ಪುಸ್ತಕ ಧರ್ಮಶ್ರದ್ಧೆಯ ಮೇಲೆ ದಾಳಿ ಮಾಡುತ್ತದೆಯೇ, ನೈತಿಕತೆಯ ಮೇಲೆ, ಚರ್ಚಿನ ಮೇಲೆ, ಆಡಳಿತದ ಮೇಲೆ ಎಂದೆಲ್ಲ ಅಚ್ಚಾದ ಪ್ರಶ್ನೆಗಳ ನಮೂನೆ; ಪರಿಶೀಲಕ ಅದನ್ನು ತುಂಬಬೇಕಿತ್ತು. ಕಡತವನ್ನೂ ಎರಡು ಪಾಠಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಏನು ಹೋಯಿತು, ಏನು ಉಳಿಯಿತು, ಸೆನ್ಸಾರಿನ ಕಣ್ಣು ತಪ್ಪಿಸಿದ್ದು ಯಾವುದು ಎಂದು ಹುಡುಕುವುದು ತಿಂಗಳುಗಟ್ಟಲೆ ಕೆಲಸ.

ಮಹಿಳೆಯರದ್ದೇ ಯಾಕೆ? ಸ್ಪೇನಿನ ವಿವಾಹಿತ ಹೆಂಗಸು 1975ರವರೆಗೆ ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕ್ ಖಾತೆ ತೆರೆಯುವಂತಿರಲಿಲ್ಲ. 1713ರಲ್ಲಿ ಹುಟ್ಟಿದ ಅಲ್ಲಿನ ಭಾಷಾ ಸಂಸ್ಥೆ ರಾಯಲ್ ಅಕಾಡೆಮಿ ಹೆಂಗಸೊಬ್ಬರನ್ನು, ಕವಿ ಕಾರ್ಮೆನ್ ಕೊಂದೆ ಅವರನ್ನು, ಸದಸ್ಯರಾಗಿ ಆರಿಸಿದ್ದು 1978ರಲ್ಲಿ. ಮನೆಯಲ್ಲಿ ಕೂತು ಒಬ್ಬರೇ ದೊಡ್ಡ ನಿಘಂಟು ಕಟ್ಟಿದ ಮರಿಯಾ ಮೊಲಿನೆರ್ ಅವರಿಗೆ 1972ರಲ್ಲಿ ಅದೇ ಅಕಾಡೆಮಿ ಬಾಗಿಲು ಹಾಕಿತ್ತು. (ಈಗ ಗಾಳಿ ತಿರುಗಿದೆ: 2021ರಲ್ಲಿ ಹತ್ತು ಲಕ್ಷ ಯೂರೋಗಳ ಪ್ಲಾನೆತಾ ಪ್ರಶಸ್ತಿ ಪಡೆಯಲು ವೇದಿಕೆಯೇರಿದ ‘ಕಾರ್ಮೆನ್ ಮೊಲಾ’ ಹೆಣ್ಣಿನ ಹೆಸರಿನಲ್ಲಿ ಬರೆಯುತ್ತಿದ್ದ ಮೂವರು ಗಂಡಸರು!) ಇಷ್ಟು ಕಾಲ ಹೊರಗಿಟ್ಟವರನ್ನು ಪಠ್ಯಪಟ್ಟಿಗೆ ತರಲು ಯಾರಾದರೂ ಪ್ರತ್ಯೇಕವಾಗಿ ಕೂರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಸ್ಪ್ಯಾನಿಷ್ ಸಾಹಿತ್ಯ ಸ್ಪೇನಿನಷ್ಟಕ್ಕೇ ನಿಲ್ಲುವುದಿಲ್ಲ: ಲ್ಯಾಟಿನ್ ಅಮೆರಿಕದ ಕಡೆ ಅರ್ಜೆಂಟೀನಾದ ಮರಿಯಾನಾ ಎನ್ರಿಕೆಸ್, ಮೆಕ್ಸಿಕೋದ ಫೆರ್ನಾಂದಾ ಮೆಲ್ಚೋರ್ ಈಗ ಎಲ್ಲೆಡೆ ಓದಿಸಿಕೊಳ್ಳುತ್ತಿದ್ದಾರೆ. ಮೆಕ್ಸಿಕೋದ ಕ್ರಿಸ್ತಿನಾ ರಿವೇರಾ ಗಾರ್ಸಾ ಅಮೆರಿಕದ ಹ್ಯೂಸ್ಟನ್‌ನಲ್ಲಿ ಸ್ವತಃ ಪ್ರಾಧ್ಯಾಪಕಿ. 1990ರಲ್ಲಿ ಕೊಲೆಯಾದ ತಂಗಿಯ ಪೊಲೀಸ್ ಕಡತ ಹುಡುಕುತ್ತ ಹೋದ ಅವರ ಪುಸ್ತಕದ ಇಂಗ್ಲಿಷ್ ರೂಪಕ್ಕೆ 2024ರಲ್ಲಿ ಪುಲಿಟ್ಜರ್ ಬಂತು.

ಮಗಳ ಪಾಠ ನಿಮಗೂ ತಿಳಿಯಬೇಕೆಂದಿದ್ದರೆ ಕಾರ್ಮೆನ್ ಲಾಫೊರೆತ್ ಅವರ ‘ನಾದಾ’ ಕಾದಂಬರಿಯಿಂದ ಶುರುಮಾಡಿ. ಇಂಗ್ಲಿಷ್ ಅನುವಾದ ಸಿಗುತ್ತದೆ, ಪುಸ್ತಕವೂ ದೊಡ್ಡದಲ್ಲ.