ಜಾತ್ರೆಯ ರಿಂಗ್ ಆಟ: ಲಾಭದ ಲೆಕ್ಕಾಚಾರ

ಶಿಕಾರಿಪುರದ ಹುಚ್ಚರಾಯಸ್ವಾಮಿ ಜಾತ್ರೆಯಲ್ಲಾಗಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬಾ ಜಾತ್ರೆಯಲ್ಲಾಗಲಿ, ರಿಂಗ್ ಎಸೆತದ ಅಂಗಡಿಗೆ ಜನ ಸೇರುವುದು ಗೆದ್ದವರ ಕೈಯಲ್ಲಿನ ವಸ್ತುವನ್ನು ಕಂಡು. ಆದಕಾರಣ ಯಾರೂ ಗೆಲ್ಲದ ಆಟವು ವರ್ತಕನಿಗೇ ನಷ್ಟಕರ.

20 ರೂಪಾಯಿಗೆ 5 ರಿಂಗ್ ಎಂದಿಟ್ಟುಕೊಳ್ಳೋಣ. 100 ರಿಂಗ್‌ಗಳಿಂದ ಬರುವ ಹಣ 400 ರೂಪಾಯಿ. ಸರಾಸರಿ 40 ರೂಪಾಯಿಯ 4 ವಸ್ತುಗಳು ಹೋದರೆ 240 ಉಳಿಯುತ್ತದೆ. ನೆಲಬಾಡಿಗೆ, ಕೂಲಿ, ಸಾಗಾಣಿಕೆಗಳೆಲ್ಲ ಇದರಲ್ಲಿಯೇ ಆಗಬೇಕು. 8 ಹೋದರೆ ಉಳಿಯುವುದು 80 ಮಾತ್ರ.

ಈ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ರಿಂಗಿನ ಅಳತೆ. ವಸ್ತುವನ್ನಿಡುವ ಚೌಕ ಮರದ ತುಂಡಿನ ಬದಿ 10 ಸೆಂ.ಮೀ. ಇದ್ದರೆ ಅದರ ಕರ್ಣ 14.1 ಸೆಂ.ಮೀ. ಆಗುತ್ತದೆ. 14 ಸೆಂ.ಮೀ. ಒಳವ್ಯಾಸದ ರಿಂಗ್ ಅದನ್ನು ದಾಟಿ ಎಂದೂ ಕೆಳಗಿಳಿಯದು. ಅದು ಆಟವಲ್ಲ, ವಂಚನೆ. 16 ಸೆಂ.ಮೀ.ನಿಂದ ಆರಂಭಿಸಿ, ಜಾತ್ರೆಗೆ ಮುನ್ನ ಹೊಸಬರಿಂದ 200 ಬಾರಿ ಎಸೆಯಿಸಿ, ನಿಲ್ಲುವ ದೂರವನ್ನು ಸರಿಪಡಿಸತಕ್ಕದ್ದು. ಅಂಗಡಿಯ ಹುಡುಗರ ಪಳಗಿದ ಕೈ ಈ ಲೆಕ್ಕಕ್ಕೆ ಬಾರದು.

ದೊಡ್ಡ ಬಹುಮಾನವಾಗಿ ಸೊರಬದ ಗುಡಿಗಾರರು ಕೆತ್ತಿದ ಸಣ್ಣ ಆನೆಯೊಂದು ಪ್ಲಾಸ್ಟಿಕ್ ಗಡಿಯಾರಕ್ಕಿಂತ ಹೆಚ್ಚು ಕಣ್ಸೆಳೆಯುವುದೆಂಬುದು ನಮ್ಮ ಅಭಿಪ್ರಾಯ. ನಗದನ್ನು ಮಾತ್ರ ಇಡಬಾರದು. ಹಣವನ್ನು ಪಣವಿಟ್ಟು ಅದೃಷ್ಟವನ್ನು ನೆಚ್ಚುವ ಆಟವು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಜೂಜೆನಿಸುತ್ತದೆ. ಅಂಗಡಿಯ ಜಾಗ ಹಿಡಿಯುವ ಮೊದಲೇ ಠಾಣೆಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.