ಕಿಟಕಿಯ ಬಳಿಯ ಮಗು

ಇಂಡಿ, ಸಿಂದಗಿ ಸೀಮೆಗಳ ಅಂಚಿನಲ್ಲಿ ಭೀಮೆ ಹರಿಯುತ್ತಾಳೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆ. ನಡುವಣ ನೆಲ ಬಹುಮಟ್ಟಿಗೆ ಎರೆಭೂಮಿ, ಬಿಳಿಜೋಳದ ಬೀಡು. 1565ರ ಮಹಾಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ, ರಕ್ಕಸಗಿ, ತಂಗಡಗಿಗಳು ಇದೇ ಸೀಮೆಯವು. ಅರಸರ ಕಾಳಗಗಳು ಮುಗಿದು ಶತಮಾನಗಳೇ ಸಂದವು. ಆದರೆ ಹೊಲದ ಬದುವಿಗಾಗಿ, ಕಾಲುವೆಯ ನೀರಿಗಾಗಿ, ಚುನಾವಣೆಯ ಸೋಲುಗೆಲುವಿಗಾಗಿ ಹುಟ್ಟುವ ಹಗೆತನ ಇನ್ನೂ ಪೂರ್ತಿ ಅಳಿದಿಲ್ಲ. ಭೀಮಾತೀರವೆಂದೊಡನೆ ಬಂದೂಕನ್ನೇ ನೆನೆಯುವಂತೆ ಚಲನಚಿತ್ರಗಳೂ ಪತ್ರಿಕೆಗಳೂ ಮಾಡಿರುವುದು ಆ ಸೀಮೆಗೆ ಬಗೆದ ಅನ್ಯಾಯವೇ ಸರಿ. ಅಲ್ಲಿನ ಬಹುಪಾಲು ಊರುಗಳು ಬಿತ್ತನೆ, ಜಾತ್ರೆ, ನಿಂಬೆಯ ತೋಟಗಳ ಚಿಂತೆಯಲ್ಲೇ ಬಾಳುತ್ತವೆ. ಆದರೂ ಹಗೆ ಹೊಕ್ಕ ಮನೆಯಲ್ಲಿ, ಅದು ಯಾವ ತಾಲ್ಲೂಕಿನದೇ ಆಗಿರಲಿ, ಒಂದು ಮಗು ಕಠಿನ ರೋಗಕ್ಕೆ ತುತ್ತಾದರೆ ಅದರ ಪಾಡೇನು?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿಗೆ ಎರಡು ಮೂರು ವರ್ಷಗಳ ಚಿಕಿತ್ಸೆ ಬೇಕು. ಸೊಲ್ಲಾಪುರಕ್ಕೋ ಬೆಂಗಳೂರಿಗೋ ಮತ್ತೆ ಮತ್ತೆ ಪ್ರಯಾಣ ಮಾಡಬೇಕು. ವ್ಯಾಜ್ಯದಲ್ಲಿ ಸಿಲುಕಿದ ತಂದೆ ಜೊತೆಗಿರಲಾರ. ತಾಯಿಯೊಬ್ಬಳೇ ಎಲ್ಲಕ್ಕೂ ಓಡಾಡಬೇಕು. ನಿನ್ನೆಯವರೆಗೆ ಅಂಗಳದಲ್ಲಿ ಗೋಲಿ ಆಡುತ್ತಿದ್ದ ಎದುರು ಬಣದ ಮಕ್ಕಳಿಗೆ ಇತ್ತ ಸುಳಿಯದಂತೆ ಕಟ್ಟಪ್ಪಣೆಯಾಗಿರುತ್ತದೆ. ಹಿರಿಯರು ಪಿಸುಮಾತಿನಲ್ಲಿ ಆಡುವುದೆಲ್ಲ ಮಗುವಿನ ಕಿವಿಗೆ ಬೀಳುತ್ತದೆ. ಆದರೆ ಅದಕ್ಕೆ ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲ. ಆಗ ಅದು ತನ್ನಷ್ಟಕ್ಕೆ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತದೆ: ತಾನು ಮಾಡಿದ ಯಾವುದೋ ತಪ್ಪಿಗೆ ಈ ರೋಗ ಬಂದಿತು, ತನ್ನಿಂದಲೇ ಮನೆಗೆ ಈ ಗತಿಯಾಯಿತು. ಎಳೆಯ ಮಕ್ಕಳು ಹೀಗೆ ಭಾವಿಸುವುದನ್ನು ಮನಶ್ಶಾಸ್ತ್ರಜ್ಞರು ಎಷ್ಟೋ ಕಡೆ ಕಂಡಿದ್ದಾರೆ. ಈ ನೋವಿಗೆ ಗುಳಿಗೆಯಿಲ್ಲ.

ಇಂಥ ನೋವನ್ನು ಕಣ್ಣಾರೆ ಕಂಡು ಅರಿಯುವ ಕೆಲಸ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ ನಗರದಲ್ಲಿ ನಡೆಯಿತು. ಬಾಂಬುಗಳ ಸುರಿಮಳೆಗೆ ಸಿಕ್ಕ ಮಕ್ಕಳಿಗಾಗಿ ಅನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಮಹಿಳೆಯರು ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಶಿಶುವಿಹಾರಗಳನ್ನು ನಡೆಸಿದರು. ಅವರು ಕಂಡುಕೊಂಡದ್ದು ಅನೇಕರಿಗೆ ಸೋಜಿಗವೆನಿಸಿತು. ತಾಯಿಯ ಮಗ್ಗುಲಲ್ಲಿದ್ದು ಬಾಂಬಿನ ಸದ್ದು ಕೇಳಿದ ಮಕ್ಕಳಿಗಿಂತ, ಕ್ಷೇಮವಾದ ಊರಿಗೆ ಕಳುಹಿಸಲ್ಪಟ್ಟು ತಾಯಿಯಿಂದ ಅಗಲಿದ ಮಕ್ಕಳೇ ಹೆಚ್ಚು ನೊಂದಿದ್ದರು. ಅಲ್ಲಿಯೇ ಬಾಯ್ಲರಿಗೆ ಬೆಂಕಿಯಿಡುವ ಕೆಲಸಕ್ಕಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬಾತನೂ ಮಕ್ಕಳನ್ನು ನೋಡುತ್ತ ನೋಡುತ್ತ ಕಲಿತನು. ಮುಂದೆ ಆತನು ಆಸ್ಪತ್ರೆ ಸೇರಿದ ಎರಡೂವರೆ ವರ್ಷದ ಹೆಣ್ಣುಮಗುವಿನ ಎಂಟು ದಿನಗಳನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟನು. ಅಳು ನಿಲ್ಲಿಸಿದ ಮಗು ಹೊಂದಿಕೊಂಡಿದೆಯೆಂದು ದಾದಿಯರು ನಂಬಿದ್ದರು. ಅದು ಹೊಂದಿಕೊಂಡದ್ದಲ್ಲ, ಆಸೆ ಬಿಟ್ಟದ್ದು ಎಂದು ರಾಬರ್ಟ್‌ಸನ್ ತೋರಿಸಿದನು. ವೈದ್ಯರಲ್ಲಿ ಹಲವರು ಮೊದಲು ಸಿಟ್ಟಾದರು. ಆದರೆ 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಸಮಿತಿಯು, ತಾಯಿತಂದೆಯರು ಯಾವ ಹೊತ್ತಿನಲ್ಲಾದರೂ ಮಗುವಿನ ಬಳಿ ಇರಲು ಬಿಡಬೇಕೆಂದು ಶಿಫಾರಸು ಮಾಡಿತು. ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು ಬುತ್ತಿ ಕಟ್ಟಿಕೊಂಡು ರೋಗಿಯ ಮಂಚದ ಸುತ್ತ ಕೂರುವ ನಮ್ಮ ಪದ್ಧತಿಯನ್ನು ಕಂಡು ಹುಬ್ಬು ಗಂಟಿಕ್ಕುವವರು ಇದನ್ನು ನೆನೆಯಬಹುದು.

ತಾಯಿಯೇ ಇಲ್ಲದ ಮಕ್ಕಳಿಗೆ ಏನು ಮಾಡಬೇಕು? ಪೋಲೆಂಡಿನ ಮಕ್ಕಳ ವೈದ್ಯ ಯಾನುಷ್ ಕೋರ್ಚಾಕ್ ಎದುರಿಸಿದ ಪ್ರಶ್ನೆ ಇದು. ವಾರ್ಸಾ ನಗರದಲ್ಲಿ ಆತನು 1912ರಿಂದ ಯೆಹೂದಿ ಅನಾಥ ಮಕ್ಕಳ ಮನೆಯೊಂದನ್ನು ನಡೆಸುತ್ತಿದ್ದನು. 1940ರಲ್ಲಿ ಜರ್ಮನ್ ನಾಜಿಗಳು ಯೆಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಒಂದು ಭಾಗದೊಳಕ್ಕೆ ದೂಡಿದರು. ಹಸಿವು, ಸಾಂಕ್ರಾಮಿಕ ಜ್ವರ, ಬೀದಿಯಲ್ಲಿ ಹೆಣಗಳು. ಮನೆಯೊಳಗೆ ಸುಮಾರು ಇನ್ನೂರು ಮಕ್ಕಳು. ಅಂಥಲ್ಲಿ 1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕವನ್ನಾಡಿದರು. ಕೋರ್ಚಾಕ್ ಆರಿಸಿದ್ದು ನಮ್ಮ ರವೀಂದ್ರನಾಥ ಠಾಕೂರರ ‘ಡಾಕ್‌ಘರ್’.

ಆ ನಾಟಕದ ಅಮಲ್ ಕಾಯಿಲೆಯ ಹುಡುಗ. ಹೊರಗೆ ಕಾಲಿಡಕೂಡದೆಂದು ವೈದ್ಯರ ಕಟ್ಟಳೆ. ಅವನು ಕಿಟಕಿಯ ಬಳಿ ಕುಳಿತು ಮೊಸರು ಮಾರುವವನನ್ನು, ಕಾವಲುಗಾರನನ್ನು, ಹೂವಿನ ಹುಡುಗಿ ಸುಧೆಯನ್ನು ಕರೆದು ಮಾತನಾಡಿಸುತ್ತಾನೆ. ಎದುರಿಗೆ ತೆರೆದಿರುವ ಅಂಚೆಮನೆಯಿಂದ ತನಗೆ ಅರಸನ ಕಾಗದ ಬರುವುದೆಂದು ಕಾಯುತ್ತಾನೆ. ನಾಟಕ ಆ ಮಕ್ಕಳ ಹೊಟ್ಟೆ ತುಂಬಿಸಲಿಲ್ಲ, ಗೋಡೆಯನ್ನು ಕೆಡವಲಿಲ್ಲ. ಆದರೆ ಹೆದರಿಕೆಯನ್ನು ಒಬ್ಬೊಬ್ಬರೇ ನುಂಗಿಕೊಳ್ಳದೆ ಎಲ್ಲರೂ ಕೂಡಿ ಆಡಿ ತೋರಿಸುವ ಒಂದು ಸಂಜೆ ಅವರಿಗೆ ದೊರೆಯಿತು. ಮರುತಿಂಗಳು ಅವರೆಲ್ಲರನ್ನೂ ಟ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ಒಯ್ದರು. ತಪ್ಪಿಸಿಕೊಳ್ಳುವ ಅವಕಾಶಗಳಿದ್ದರೂ ಕೋರ್ಚಾಕ್ ಮಕ್ಕಳನ್ನು ಬಿಟ್ಟು ಹೋಗಲಿಲ್ಲ, ಅವರೊಡನೆಯೇ ನಡೆದನು.

ಭೀಮಾತೀರದ ಜಗಳವನ್ನು ಆ ಘೋರದೊಡನೆ ತೂಗುವಂತಿಲ್ಲ. ಆದರೆ ಮಂಚ ಹಿಡಿದ ಮಗುವಿಗೆ ಬೇಕಾದುದು ಎರಡೆಡೆಯಲ್ಲಿಯೂ ಒಂದೇ. ಕರ್ನಾಟಕದಲ್ಲಿ ಮನಸ್ಸಿನ ಆರೈಕೆಯನ್ನು ಹಳ್ಳಿಗಳ ಸಮೀಪಕ್ಕೆ ತರುವ ಪ್ರಯತ್ನ ಹೊಸದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಈ ಕೆಲಸದಲ್ಲಿ ತರಬೇತಿ ಕೊಡಲಾರಂಭಿಸಿತು. ಅದೇ ಮಾದರಿಯಲ್ಲಿ 1996ರಿಂದ ದೇಶದ ಇತರ ಜಿಲ್ಲೆಗಳಲ್ಲಿಯೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಬೆಳೆಯಿತು. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಬಲ್ಲ ಆಪ್ತಸಲಹೆಗಾರರು ಮಗುವಿನೊಡನೆ ಮೊದಲು ರೋಗದ ಮಾತೆತ್ತುವುದಿಲ್ಲ. ಬಣ್ಣದ ಕಡ್ಡಿ, ಹಾಳೆ, ಗೊಂಬೆಗಳನ್ನು ಮುಂದಿಡುತ್ತಾರೆ. ಬಾಯಿ ಬಿಡದ ಮಗು ಗೊಂಬೆಗೆ ಸೂಜಿ ಚುಚ್ಚುತ್ತದೆ. ಬಾಗಿಲಿಲ್ಲದ ಮನೆಯನ್ನು ಬರೆಯುತ್ತದೆ. ಸೂಜಿ ನೋಯುವುದೇ ಇಲ್ಲವೆಂದು ಅವರು ಸುಳ್ಳಾಡುವುದಿಲ್ಲ. ನೋಯುತ್ತದೆ, ಬೇಗ ಮುಗಿಯುತ್ತದೆ, ಅವ್ವ ಇಲ್ಲೇ ಇರುತ್ತಾಳೆ ಎನ್ನುತ್ತಾರೆ. ಈ ರೋಗ ನಿನ್ನ ತಪ್ಪಿನಿಂದ ಬಂದುದಲ್ಲವೆಂದು ಒಮ್ಮೆಯಲ್ಲ, ಹತ್ತು ಸಲ ಹೇಳುತ್ತಾರೆ. ಮೈಯಲ್ಲಿ ಕಸುವಿರುವ ದಿನಗಳಲ್ಲಿ ಶಾಲೆಯ ಪಾಠ ಮುಂದುವರಿಯಲೆಂದು ಸೂಚಿಸುತ್ತಾರೆ. ಪಾಠವೆಂದರೆ ನಾಳೆಯೊಂದಿದೆಯೆಂಬ ಭರವಸೆ.

ಇಲ್ಲಿ ಶಾಲೆಗೂ ಒಂದು ಕೆಲಸವಿದೆ. ತರಗತಿಯ ಹಾಜರಿ ಪುಸ್ತಕದಲ್ಲಿ ಎರಡು ಬಣಗಳಿಲ್ಲ. ತಿಂಗಳುಗಟ್ಟಲೆ ಬಾರದ ಸಹಪಾಠಿಗೆ ಎಲ್ಲರೂ ಕೂಡಿ ಒಂದು ಕಾಗದ ಬರೆಯಬಹುದು: ಯಾವ ಪಾಠ ನಡೆಯಿತು, ಕಬಡ್ಡಿಯಲ್ಲಿ ಯಾರು ಗೆದ್ದರು, ಬೇವಿನ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿತು. ಆಸ್ಪತ್ರೆಯ ಮಂಚದ ಮೇಲೆ ಆ ಕಾಗದವನ್ನು ಬಿಡಿಸಿ, ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋಗುವ ಮಗುವಿಗೆ, ಎದುರು ಮನೆಯ ಹುಡುಗನ ಹೆಸರೂ ಅಲ್ಲಿ ಕಾಣಬಹುದು.